ಮರಕುಟಿಗನ ಮೇಲ್ಮನವಿ

ಮರಕುಟಿಗನೊಬ್ಬ ಹನ್ನೆರಡು ದಿನ ಕುಟ್ಟಿ ಬೂರುಗದ ಮರದಲ್ಲಿ ಪೊಟರೆ ಕೊರೆದಿದ್ದ. ಅವನು ಹುಳ ಹುಡುಕಲು ಹೋದಾಗ ಗೊರವಂಕವೊಂದು ಒಳಹೊಕ್ಕು, "ಇದು ನಮ್ಮಜ್ಜನ ಕಾಲದ್ದು" ಎಂದು ಕೂತುಬಿಟ್ಟಿತು. ಸಾಲದ್ದಕ್ಕೆ, ಕೆಳಗಿನ ಕೊಂಬೆಯ ನ್ಯಾಯಾಧೀಶ ಕೊಕ್ಕರೆಯ ಮುಂದೆ ದಾವೆಯನ್ನೂ ಹೂಡಿತು. ಕೊಕ್ಕರೆ ಒಂಟಿಕಾಲಲ್ಲಿ ನಿಂತು ಯೋಚಿಸಿ, "ದಾವೆ ಮುಗಿಯುವವರೆಗೆ ಮರಕುಟಿಗ ಅತ್ತ ಸುಳಿಯಕೂಡದು. ಇದು ತಾತ್ಕಾಲಿಕ ತಡೆಯಾಜ್ಞೆ" ಎಂದಿತು.

"ಕೊರೆದವನು ನಾನು, ಸ್ವಾಮಿ!"

"ಅದನ್ನು ವಿಚಾರಣೆಯಲ್ಲಿ ನೋಡೋಣ."

ಮರಕುಟಿಗ ಉರಿದುಹೋದ. ಮೇಲಿನ ಕೊಂಬೆಯ ಹದ್ದಿಗೆ ಮೇಲ್ಮನವಿ ಸಲ್ಲಿಸಲು ಹೊರಟವನನ್ನು ಹೆಂಡತಿ ತಡೆದಳು.

"ನನಗೆ ಮೊಟ್ಟೆಯಿಡುವ ಸಮಯ. ಪಕ್ಕದ ಮರದಲ್ಲಿ ಇನ್ನೊಂದು ಕೊರೆಯೋಣ ಬನ್ನಿ."

"ಕೊಕ್ಕು ಸವೆದರೂ ಸರಿ, ನನ್ನ ಹಕ್ಕು ಬಿಡೆನು!"

ಅವಳು ಒಬ್ಬಳೇ ಕೊರೆಯತೊಡಗಿದಳು.

ಹದ್ದು ಒಮ್ಮೆ ಬೇಟೆಗೆ ಹೋಗಿತ್ತು, ಇನ್ನೊಮ್ಮೆ ನಿದ್ದೆಯಲ್ಲಿತ್ತು, ಮತ್ತೊಮ್ಮೆ ಗೊರವಂಕ ವಾಯಿದೆ ಕೇಳಿತು. ಬೇಸಗೆಯೆಲ್ಲ ಕಳೆದ ಮೇಲೆ ಆದೇಶ ಬಂತು: "ತಡೆಯಾಜ್ಞೆ ರದ್ದು. ದಾವೆ ಮುಗಿಯುವವರೆಗೆ ಪೊಟರೆ ಮರಕುಟಿಗನ ವಶದಲ್ಲಿರಲಿ."

ಮರಕುಟಿಗ ಎದೆಯುಬ್ಬಿಸಿ ಹಾರಿ ಬಂದ. ಗೊರವಂಕದ ಮರಿಗಳು ಆಗಲೇ ರೆಕ್ಕೆ ಬಲಿತು ಹಾರಿಹೋಗಿದ್ದವು. "ಧಾರಾಳವಾಗಿ ಬನ್ನಿ, ನಮಗಿನ್ನು ಇದು ಬೇಡ" ಎಂದು ಗೊರವಂಕವೂ ಎದ್ದುಹೋಯಿತು. ಒಳಗೆ ಮೊಣಕಾಲುದ್ದ ಹಿಕ್ಕೆ ತುಂಬಿತ್ತು. ಪಕ್ಕದ ಮರದಿಂದ ಇಣುಕಿದ ಅವನ ಸ್ವಂತ ಮರಿಗಳು ತಂದೆಯ ಗುರುತು ಸಿಗದೆ ಕಿರುಚಿ ಒಳಸರಿದವು.

"ಗೆದ್ದಿರಲ್ಲ, ಇನ್ನಾದರೂ ಮನೆಗೆ ಬನ್ನಿ" ಎಂದಳು ಹೆಂಡತಿ.

"ತಾಳು" ಎಂದ ಮರಕುಟಿಗ, "ಈ ಹೊಲಸಿಗೆ ಪರಿಹಾರ ಕೇಳಿ ಕೊಕ್ಕರೆಯ ಮುಂದೆ ಒಂದು ದಾವೆ ಹೂಡಿ ಬರುತ್ತೇನೆ."