ನೀರು ನುಂಗಿದ ಯಮನೂರ

ಕೇಳ್ರಪ್ಪಾ. ನಮ್ಮ ಮುತ್ತಜ್ಜನ ಮುತ್ತಜ್ಜ ಇನ್ನೂ ತೊಟ್ಟಿಲಲ್ಲಿದ್ದ ಕಾಲವಂತೆ. ಹಳ್ಳದ ಈಚೆ ದಂಡೆಗೆ ಒಂದೂರು, ಆಚೆ ದಂಡೆಗೆ ಒಂದೂರು. ಈಚೆ ಊರಲ್ಲಿ ಯಮನೂರ ಅಂತ ಒಬ್ಬನಿದ್ದ. ದೊಣ್ಣೆವರಸೆಯಲ್ಲಿ ಅವನಿಗೆ ಬಾರದ ಪಟ್ಟೇ ಇರಲಿಲ್ಲವಂತೆ. ಆದರೂ ಕಣಕ್ಕಿಳಿದರೆ ಏಟು ತಿಂದೇ ಬರುತ್ತಿದ್ದನಂತೆ.

ಯಾಕೆ ಅಂತೀರಿ? ಆ ಊರಿನ ಗರಡಿಮನೆಯಲ್ಲಿ ಪಟ್ಟುಗಳನ್ನು ಹಾಡಿನ ಹಾಗೆ ಬಾಯಿಪಾಠ ಮಾಡಿಸುತ್ತಿದ್ದರು. ಕೈ ಪಳಗಿದ ಮೇಲೆ ಉಳಿದವರು ಹಾಡು ಬಿಟ್ಟರು, ಇವನು ಬಿಡಲಿಲ್ಲ. ದೊಣ್ಣೆ ಎತ್ತಿದರೆ ಸಾಕು, 'ಎಡಕ್ಕೆ ತಡಿ, ಬಗ್ಗು, ಬಲಕ್ಕೆ ಬೀಸು' ಎಂದು ಗೊಣಗುವನು. ಪಾಠ 'ಬಗ್ಗು' ಅನ್ನುವಷ್ಟರಲ್ಲಿ ಎದುರಿನವನ ದೊಣ್ಣೆ ಬೆನ್ನ ಮೇಲೆ ಬಿದ್ದಿರುತ್ತಿತ್ತು. ನೀರಿಗೆ ಹೋಗುವ ಹೆಂಗಸರೂ 'ಬಾಯಿಪಾಠದ ಯಮನೂರ' ಎಂದು ನಗುತ್ತಿದ್ದರಂತೆ. ಏಟಿಗಿಂತ ಆ ನಗುವೇ ಅವನಿಗೆ ಹೆಚ್ಚು ನೋಯುತ್ತಿತ್ತು.

ಗರಡಿಯ ಉಸ್ತಾದ ಮೌಲಾಸಾಬ ಒಂದು ದಿನ ತಂಬಿಗೆ ತಂದು ಅವನ ಬಾಯಿಗೆ ಒಂದು ಗುಟುಕು ನೀರು ಹಾಕಿದನಂತೆ. ಆಟ ಮುಗಿಯುವ ತನಕ ನುಂಗಬೇಡ, ಉಗುಳಬೇಡ ಅಂದನಂತೆ. ಬಾಯಿ ಕಟ್ಟಿತು, ಪಾಠ ನಿಂತಿತು. ಕೈ ತನಗೆ ಗೊತ್ತಿದ್ದನ್ನು ತಾನೇ ಮಾಡಿತು. ಆವತ್ತು ಹನ್ನೆರಡು ಜನರನ್ನು ಸೋಲಿಸಿದ ಅಂತಾರೆ. ನಾನು ಮೂರಕ್ಕೇ ನಿಲ್ಲಿಸುತ್ತೇನೆ. ಆದರೆ ಮೂರನೆಯವನ ಭುಜದ ಎಲುಬು ಮುರಿದಿತ್ತು, ಅದು ಯಮನೂರನಿಗೆ ಬೇಕಾಗಿರಲಿಲ್ಲ.

"ಉಸ್ತಾದ, ಎಲ್ಲಾ ಕೈನ ಮಾಡಿದ್ರ ಬುದ್ಧಿಗೆ ಏನು ಕೆಲಸ?" ಎಂದು ಹೆದರಿ ಕೇಳಿದ.

"ಅದು ಬಾಯಾಗಿನ ನೀರು ಕಾಯ್ಲಿ," ಅಂದ ಮುದುಕ.

ಎರಡೂರಿನ ನಡುವೆ ಒಂದು ಹುಲ್ಲುಗಾವಲಿತ್ತು. ಅದರ ಸಲುವಾಗಿ ಪ್ರತಿವರ್ಷ ಹತ್ತಾರು ತಲೆ ಒಡೆಯುತ್ತಿದ್ದವು. ಆ ವರ್ಷ ಹಿರಿಯರು ಕೂತು, ಊರಿಗೊಬ್ಬ ಇಳಿಯಲಿ, ಯಾರ ದೊಣ್ಣೆ ಮೊದಲು ಎದುರಾಳಿಯ ತಲೆ ಮುಟ್ಟುತ್ತದೋ ಅವರ ಊರಿಗೆ ಹುಲ್ಲು ಎಂದು ತೀರ್ಮಾನ ಮಾಡಿದರಂತೆ. ಈಚೆಯಿಂದ ಯಮನೂರ ನಿಂತ. ಆಚೆಯವರು ಕರಿಬಸ್ಸನನ್ನು ನಿಲ್ಲಿಸಿದರು. ಅವನು ಬೇರೆ ಯಾರೂ ಅಲ್ಲ, ಯಮನೂರನ ಒಡಹುಟ್ಟಿದ ಅಕ್ಕ ಫಕೀರವ್ವನ ಗಂಡ. ಹಿಂದೆ ಸರಿದರೆ ಊರಿನ ದನಕ್ಕೆ ಮೇವಿಲ್ಲ.

ಆಟದ ದಿನ ಬೆಳಿಗ್ಗೆ ಫಕೀರವ್ವ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಹಳ್ಳ ದಾಟಿ ಬಂದಳಂತೆ.

"ಹುಲ್ಲು ನಿಮ್ಮೂರಿಗೇ ಆಗ್ಲಿ ತಮ್ಮಾ, ನನ್ನ ತಾಳಿ ನನಗ ಇರ್ಲಿ," ಅಂದಳಂತೆ.

ಯಮನೂರನ ಬಾಯಲ್ಲಿ ಆಗಲೇ ನೀರಿತ್ತು. ಅವನು ತಲೆಯಾಡಿಸಿದ, ಅಷ್ಟೇ.

ಆಟ ಶುರುವಾಯಿತು. ದೊಣ್ಣೆಗೆ ದೊಣ್ಣೆ ತಾಗಿದ ಸದ್ದಿಗೆ ಹಳ್ಳದ ಕೊಕ್ಕರೆಗಳೆಲ್ಲ ಎದ್ದು ಹೋದವಂತೆ. ಇಬ್ಬರೂ ಸಮಸಮ. ಅಷ್ಟರಲ್ಲಿ ಇಬ್ಬನಿಯ ಹುಲ್ಲಿನ ಮೇಲೆ ಕರಿಬಸ್ಸನ ಕಾಲು ಜಾರಿತು, ಅಡ್ಡ ಹಿಡಿದಿದ್ದ ದೊಣ್ಣೆ ಕೆಳಗಾಯಿತು, ತಲೆ ಬಯಲಾಯಿತು. ಯಮನೂರನ ಕೈ ಕಾಯಲಿಲ್ಲ. ಕೈಗೆ ಏನು ಗೊತ್ತು, ಅದಕ್ಕೆ ನೆಂಟರಿಲ್ಲ. ದೊಣ್ಣೆ ಪೂರಾ ಬಲದಿಂದ ಇಳಿಯಿತು.

ನೀರು ಕಾಯುತ್ತ ಕೂತಿದ್ದ ಬುದ್ಧಿ ಆಗ ಆ ತಲೆ ಯಾರದೆಂದು ನೋಡಿತಂತೆ. ಯಮನೂರ ಗಟಕ್ಕನೆ ನೀರು ನುಂಗಿದ. ನುಂಗಿದ್ದೇ ತಡ, ಕೈ ನಿಂತಿತು. ತಲೆಗೂ ದೊಣ್ಣೆಗೂ ನಡುವೆ ಒಂದು ಜೋಳದ ಕಾಳಿನಷ್ಟು ಜಾಗ ಉಳಿದಿತ್ತಂತೆ. ಆಮೇಲೆ ಅಕ್ಷತೆ ಹಾಕುವ ಹಾಗೆ ದೊಣ್ಣೆಯ ತುದಿಯನ್ನು ಮೆಲ್ಲಗೆ ತಲೆಗೆ ಮುಟ್ಟಿಸಿದ.

ಕರಿಬಸ್ಸ ಕಣ್ಣು ಮುಚ್ಚಿಕೊಂಡೇ ಕೇಳಿದನಂತೆ, "ಹೊಡದ್ಯೇನೋ?"

"ಇಲ್ಲ ಮಾಮಾ, ನೀರು ನುಂಗಿದೆ."

ಫಕೀರವ್ವ ನಿಂತಲ್ಲೇ ಕುಸಿದು ಕೂತು ಅತ್ತಳು, ಅಳುತ್ತಲೇ ನಕ್ಕಳು. ಎರಡೂರಿನವರೂ ಹಿಡಿದಿದ್ದ ಉಸಿರು ಬಿಟ್ಟರು. ಆಚೆಯವರಲ್ಲಿ ಒಬ್ಬ, ಏಟಿನ ಸದ್ದೇ ಕೇಳಲಿಲ್ಲ, ಇದೆಂಥ ಗೆಲುವು ಎಂದು ತಕರಾರು ತೆಗೆದನಂತೆ. ಮುಟ್ಟಬೇಕು ಅಂತ ತಾನೇ ಮಾತಾಗಿದ್ದು ಎಂದು ಉಸ್ತಾದ ಅವನ ಬಾಯಿ ಮುಚ್ಚಿಸಿದನಂತೆ. ಗೆದ್ದವರು ಆ ವರ್ಷ ಆಚೆ ಊರಿನ ದನಗಳನ್ನೂ ಮೇಯಲು ಬಿಟ್ಟರು ಅಂತಾರೆ. ನಿಜವೋ ಸುಳ್ಳೋ, ಆ ದನಗಳಿಗೇ ಗೊತ್ತು.

ಇವತ್ತಿಗೂ ಆ ಗರಡಿಯಲ್ಲಿ ದೊಣ್ಣೆ ಎತ್ತುವ ಮೊದಲು ತಂಬಿಗೆ ಸುತ್ತು ಬರುತ್ತದೆ. ಇಬ್ಬರೂ ಒಂದೊಂದು ಗುಟುಕು ಬಾಯಿಗೆ ತಗೊಳ್ಳುತ್ತಾರೆ. ಗೆದ್ದವನು ನುಂಗಿ, ಮೆಲ್ಲಗೆ ತಲೆ ಮುಟ್ಟುತ್ತಾನೆ. ಇನ್ನು ಮನೆಯಲ್ಲಿ ಯಾರಾದರೂ ಸಿಟ್ಟಿಗೆದ್ದು ಕೈ ಎತ್ತಿದರೆ, ಪಕ್ಕದಲ್ಲಿದ್ದವರು "ನೀರು ನುಂಗೋ ಯಪ್ಪಾ" ಅಂತಾರೆ. ಬಾಯಲ್ಲಿ ನೀರೆಲ್ಲಿರುತ್ತದೆ? ಆದರೂ ಅವನು ನುಂಗುತ್ತಾನೆ, ಕೈ ಇಳಿಯುತ್ತದೆ.