ಕಸೂತಿ ಬಟ್ಟೆಯ ಅಕ್ಕರೆ

ಹತ್ತಾರು ಅಂಗಡಿ ಸುತ್ತಿ ಆರಿಸಿ ತಂದ, ಟಿವಿಯ ದನಿಯನ್ನು ಸ್ಪೀಕರ್‌ಗಳಿಗೆ ಕಳಿಸುವ ಹೋಮ್ ಥಿಯೇಟರ್ ರಿಸೀವರ್ ಮೇಲೆ ಧೂಳು ಕೂರದಿರಲೆಂದು ಮನೆಯೊಡತಿ ಬಸಲಿಂಗವ್ವ ತಾನೇ ಹಾಕಿದ ಕಸೂತಿಯ ಬಟ್ಟೆ ಹೊದಿಸಿದಳು.

"ತುಸು ಪಕ್ಕಕ್ಕೆ ಸರಿ. ನನ್ನ ನೆತ್ತಿಯ ಕಿಂಡಿಗಳಿಗೆ ಗಾಳಿ ಬೇಕು," ಎಂದಿತು ರಿಸೀವರ್.

"ಅಕ್ಕರೆಯಿಂದ ಕಾಪಾಡುವವರನ್ನೇ ದೂರ ತಳ್ಳುವೆಯಾ?" ಎಂದು ಬಟ್ಟೆ ಇನ್ನಷ್ಟು ಅವುಚಿಕೊಂಡಿತು.

ಸಂಜೆ ನೆಂಟರೆಲ್ಲ ಸಿನಿಮಾ ನೋಡುತ್ತಿದ್ದಾಗ ನಾಯಕಿ ಹಾಡಲು ಬಾಯಿ ತೆರೆದಳು, ದನಿ ಬರಲಿಲ್ಲ. ಸೆಕೆ ತಾಳದೆ ರಿಸೀವರ್ ತಾನಾಗಿಯೇ ಬಂದ್ ಆಗಿತ್ತು.

ಬಸಲಿಂಗವ್ವ ಮುಟ್ಟಿ ನೋಡಿದಳು. "ಅಯ್ಯ ಶಿವನ, ಮೈ ಕೆಂಡ ಆಗೇತಲ್ಲ!" ಎಂದು ಬಟ್ಟೆಯನ್ನು ಎಳೆದು ಪಕ್ಕದ ಕುರ್ಚಿಗೆ ಎಸೆದಳು.

"ಹಾಗಾದರೆ ನಾನು ಬೇಡವೇ?" ಬಟ್ಟೆ ಬಿಕ್ಕಿತು.

ಮೈ ತಣಿದ ರಿಸೀವರ್ ಹೇಳಿತು: "ಬೇಕು. ನಾನು ಮಲಗಿದ ಮೇಲೆ ಬಾ. ಹಾಡುವಾಗ ಮಾತ್ರ ಅಲ್ಲೇ ಕೂತು ಕೇಳು."