ದಪ್ಪ ಮೊಟ್ಟೆ ಓದಿದ ಮುಂಗುಸಿ

ಕೇಳಿ ಮಕ್ಕಳೇ, ಒಂದು ಕೆರೆಯಂಗಳದಲ್ಲಿ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳು ಬಾಳುತ್ತಿದ್ದವು. ಪೊದೆಯಡಿ ನವಿಲಮ್ಮ, ಹುಲ್ಲಿನಲ್ಲಿ ಗೌಜಲಕ್ಕ, ಬೆಣಚುಕಲ್ಲುಗಳ ನಡುವೆ ತೇನೆಹಕ್ಕಿ. ತೇನೆಯ ಮೊಟ್ಟೆಗೂ ಕಲ್ಲಿಗೂ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ.

ಅಲ್ಲಿಗೆ ಪಟ್ಟಣದಿಂದ ಒಂದು ಮುಂಗುಸಿ ಬಂತು. ಯಾವುದೋ ಪ್ರಯೋಗಶಾಲೆಯ ನೆಲದಡಿ ಮೂರು ವರ್ಷ ಇತ್ತಂತೆ. ಅಷ್ಟಕ್ಕೇ ಅದು ಪಂಡಿತ.

"ಅಜ್ಜಿ ಮುತ್ತಜ್ಜಿಯಿಂದ ಬಂದ ಗುಣವೆಲ್ಲ ಮೊಟ್ಟೆಯೊಳಗೆ ಬರೆದಿರುತ್ತದೆ. ಬಿಸಿಲಿಗೆ ಹಿಡಿದು ನಾನು ಓದುತ್ತೇನೆ. ಕುರುಡು, ಕುಂಟು ಹುಟ್ಟುವಂಥವನ್ನು ನನಗೆ ಕೊಡಿ, ಹುತ್ತದ ಹಿಂದೆ ಹೂತುಬಿಡುತ್ತೇನೆ" ಎಂದಿತು.

ಹಕ್ಕಿಗಳು ಸಭೆ ಸೇರಿ ಒಪ್ಪಿಕೊಂಡವು. ಚಂದದ ಮರಿ ಯಾರಿಗೆ ಬೇಡ? ನವಿಲಮ್ಮ ಎರಡು ಮೊಟ್ಟೆ ಕೊಟ್ಟಳು, ಗೌಜಲಕ್ಕ ಮೂರು.

ತೇನೆಯ ಸರದಿ ಬಂತು. ಮುಂಗುಸಿ ಅವಳ ನಾಲ್ಕು ಮೊಟ್ಟೆ ನೋಡಿ, ದಪ್ಪನೆಯದನ್ನು ಮುಟ್ಟಿ, "ಇದು ಕುಂಟು. ಕೊಡು" ಎಂದಿತು.

"ಕೊಡುವುದಿಲ್ಲ" ಎಂದಳು ತೇನೆ.

ನವಿಲಮ್ಮನಿಗೆ ಸಿಟ್ಟು ಬಂತು. "ನಾವೆಲ್ಲ ಕೊಟ್ಟಿಲ್ಲವೇನೇ? ನಿನ್ನದೇನು ಹೆಚ್ಚುಗಾರಿಕೆ? ಕುಂಟುಮರಿ ಇದ್ದರೆ ಅದರ ಜಾಡು ಹಿಡಿದು ನರಿ ಬರುತ್ತದೆ. ಆಮೇಲೆ ನಮ್ಮ ಗತಿ?"

"ನರಿ ಬಂದಾಗ ಕುಂಟುವ ಹಾಗೆ ನಟಿಸಿ, ಅದನ್ನು ಗೂಡಿನಿಂದ ದೂರ ಎಳೆದುಕೊಂಡು ಹೋಗುವವರು ನಾವೇ ಅಲ್ಲವೇ? ನಮ್ಮ ಮರಿಗಳಿಗೆ ಕುಂಟುವುದನ್ನು ಕಲಿಸುತ್ತೇವೆ. ಒಂದು ಕಲಿತೇ ಹುಟ್ಟಿದರೆ ಹುಟ್ಟಲಿ. ಅದು ನನ್ನ ಮರಿ. ಬೇಕೋ ಬೇಡವೋ ಎಂದು ಹೇಳಲು ಇವನ್ಯಾರು?"

"ನಾಳೆ ಬೆಳಿಗ್ಗೆ ಕೊಡದಿದ್ದರೆ ಕೆರೆ ಬಿಟ್ಟು ಹೋಗು" ಎಂದಿತು ಸಭೆ.

ತೇನೆ ಹೆದರಿದಳು, ಸುಳ್ಳೇಕೆ ಹೇಳಲಿ. ಮೊಟ್ಟೆ ಬಿಟ್ಟು ಎಲ್ಲಿಗೆ ಹೋಗುವುದು? ಕಾವು ಕೊಡುತ್ತಲೇ ಯೋಚಿಸಿದಳು. ನವಿಲಮ್ಮ ಕೊಟ್ಟದ್ದು ದಪ್ಪ ಮೊಟ್ಟೆ. ಗೌಜಲಕ್ಕ ಕೊಟ್ಟದ್ದೂ ದಪ್ಪದ್ದೇ. ಈ ಪಂಡಿತನ ಓದಿನಲ್ಲಿ ಒಂದಾದರೂ ಸಣ್ಣ ಮೊಟ್ಟೆ ಕೆಟ್ಟಿದ್ದುಂಟೇ?

ಬೆಳಿಗ್ಗೆ ಎಲ್ಲರೂ ಸೇರಿದರು. ತೇನೆ ತನ್ನ ದಪ್ಪ ಮೊಟ್ಟೆಯನ್ನು ರೆಕ್ಕೆಯಡಿ ಇಟ್ಟುಕೊಂಡು, ಅದರ ಜಾಗದಲ್ಲಿ ಅದಕ್ಕಿಂತ ದಪ್ಪನೆಯ ಬೆಣಚುಕಲ್ಲೊಂದನ್ನು ಇಟ್ಟಿದ್ದಳು.

"ಇನ್ನೊಮ್ಮೆ ಓದಿ ಪಂಡಿತರೇ."

ಮುಂಗುಸಿ ಕಲ್ಲನ್ನೇ ಎತ್ತಿ ಬಿಸಿಲಿಗೆ ಹಿಡಿಯಿತು. "ನೋಡಿ, ಒಳಗೆಲ್ಲ ಕಪ್ಪು. ಎಡಗಾಲು ಸೊಟ್ಟ. ನಿನ್ನ ಮುತ್ತಜ್ಜಿಯ ದೋಷ."

"ಹಾಗಾದರೆ ಇಲ್ಲೇ ಒಡೆದು ತೋರಿಸಿ. ಸೊಟ್ಟಕಾಲು ಎಲ್ಲರೂ ನೋಡಲಿ."

ಬಾಯಲ್ಲಿ ಆಗಲೇ ನೀರೂರಿತ್ತು. ಮುಂಗುಸಿ ಕಟಕ್ಕನೆ ಕಚ್ಚಿತು. ಮುಂದಿನ ಎರಡು ಹಲ್ಲು ಕಲ್ಲಿನ ಪಕ್ಕದಲ್ಲೇ ಬಿದ್ದವು.

ಯಾರೂ ನಗಲಿಲ್ಲ. ಗೌಜಲಕ್ಕ ಹುತ್ತದ ಹಿಂದೆ ಓಡಿ ನೋಡಿದಳು. ಅಲ್ಲಿ ಬರೀ ಚಿಪ್ಪು. ನವಿಲಮ್ಮ ಅಲ್ಲೇ ಕುಸಿದು ಅತ್ತಳು. ಹಕ್ಕಿಗಳೆಲ್ಲ ಸೇರಿ ಕುಕ್ಕಿ ಕುಕ್ಕಿ ಮುಂಗುಸಿಯನ್ನು ಏರಿಯಾಚೆ ಅಟ್ಟಿದವು.

ಕೆಲವು ದಿನಕ್ಕೆ ತೇನೆಯ ದಪ್ಪ ಮೊಟ್ಟೆ ಒಡೆಯಿತು. ಮರಿ ನಿಜಕ್ಕೂ ಕುಂಟುತ್ತಿತ್ತು.

"ಅಯ್ಯೋ, ಅವನು ಹೇಳಿದ್ದು ನಿಜವಾಯಿತಲ್ಲೇ" ಎಂದಳು ನವಿಲಮ್ಮ.

"ಆಗಲಿ. ನಿಜವೆಂದು ಗೊತ್ತಿದ್ದರೂ ನಾನು ಕೊಡುತ್ತಿರಲಿಲ್ಲ."

ಮರುವರ್ಷ ಅದೇ ಮುಂಗುಸಿ ಹುಲ್ಲಿನಲ್ಲಿ ತೆವಳುತ್ತ ನವಿಲಮ್ಮನ ಗೂಡಿನ ಹತ್ತಿರ ಬಂತು. ಎದುರಿಗೆ ಕುಂಟುತ್ತ ಒಂದು ತೇನೆಹಕ್ಕಿ ಹೊರಟಿತು, ಆ ದಪ್ಪ ಮೊಟ್ಟೆಯ ಮರಿಯೇ ಬೆಳೆದು. ಸುಲಭದ ತುತ್ತೆಂದು ಮುಂಗುಸಿ ಅದರ ಬೆನ್ನು ಹತ್ತಿತು. ಏರಿ ದಾಟುವವರೆಗೂ ಹಕ್ಕಿ ಕುಂಟುತ್ತಲೇ ಹೋಯಿತು. ಆಮೇಲೆ ಪುರ್ರನೆ ಹಾರಿತು.

ನವಿಲಮ್ಮನ ಐದು ಮೊಟ್ಟೆಗಳೂ ಆ ವರ್ಷ ಮರಿಯಾದವು.

ನೀತಿ: ಯಾರು ಹುಟ್ಟಬೇಕು, ಯಾರು ಹುಟ್ಟಬಾರದು ಎಂದು ತೀರ್ಪು ಕೊಡುವವನಿಗೆ ತಲೆಬಾಗಬೇಡಿ, ಆ ತೀರ್ಪಿನಿಂದ ಯಾರ ಹೊಟ್ಟೆ ತುಂಬುತ್ತದೆ ಎಂದು ಮೊದಲು ನೋಡಿ.